ನಾಯಿ-ಬೆಕ್ಕಿಗೆ ಸಾರು, ಪಾಯಸ, ಮನೆಮದ್ದು: ಯಾವುದು ಕೊಡಬಹುದು, ಯಾವುದು ಬೇಡವೇ ಬೇಡ?

ಅನು_ಮೈಸೂರು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಲ್ಯಾಬ್ರಡಾರ್, ಎರಡು ಬೆಕ್ಕು ಇವೆ. ಈಗ ಅತ್ತೆ ಊರಿನಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಪ್ರಾಣಿಗಳೆಂದರೆ ಅವರಿಗೆ ತುಂಬಾ ಪ್ರೀತಿ. ನಾವು ಊಟಕ್ಕೆ ಕೂತರೆ ಅವಕ್ಕೂ ಒಂದು ತುತ್ತು ಹೋಗಲೇಬೇಕು. ಸಾರನ್ನ, ಮೊಸರನ್ನ, ಹಬ್ಬ ಬಂದರೆ ಪಾಯಸ, ಒಬ್ಬಟ್ಟು. ಹೊಟ್ಟೆ ಕೆಟ್ಟರೆ ಮೆಂತ್ಯ, ಗಾಯವಾದರೆ ಅರಿಶಿನ.

ಹುಣಸೆಹಣ್ಣು ನಾಯಿಗೆ ವಿಷ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. ನಿಜವಾ? ನಿಜವಾಗಿದ್ದರೆ ನಮ್ಮ ಅಡುಗೆಯಲ್ಲಿ ಕೊಡಬಹುದಾದದ್ದು ಏನು ಉಳಿಯುತ್ತದೆ? ಅತ್ತೆಗೆ ಸುಮ್ನೆ "ಬೇಡ" ಅಂದರೆ ಬೇಜಾರಾಗುತ್ತದೆ. ಕಾರಣ ಸಮೇತ ಹೇಳಿದರೆ ಖಂಡಿತ ಒಪ್ಪುತ್ತಾರೆ. ತಿಳಿದವರು ಕಾರಣವನ್ನೂ ಬರೆಯಿರಿ.

ಪಶುವೈದ್ಯ_ಹಾಸನ
ಅನು ಅವರೇ, ಈ ಮೆಸೇಜ್ ಬಹುಪಾಲು ಸರಿಯಾಗಿಯೇ ಇದೆ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೆಡುತ್ತದೆ ಅನ್ನುವುದು ಬಹಳ ವರ್ಷಗಳಿಂದ ಗೊತ್ತಿತ್ತು. ಹಣ್ಣಿನಲ್ಲಿರುವ ಯಾವ ಅಂಶದಿಂದ ಅನ್ನುವುದು ಮಾತ್ರ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರಿಗೆ ಒಂದು ಸುಳಿವು ಸಿಕ್ಕಿತು. ಮಕ್ಕಳು ಆಡುವುದಕ್ಕೆಂದು ಮನೆಯಲ್ಲೇ ಕಲಸಿದ್ದ ಹಿಟ್ಟನ್ನು ತಿಂದ ನಾಯಿಗೆ ದ್ರಾಕ್ಷಿ ತಿಂದಾಗ ಆಗುವಂಥದೇ ಕಿಡ್ನಿ ತೊಂದರೆ ಆಗಿತ್ತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಪುಡಿ ಹಾಕಿದ್ದರು. ಅದರಲ್ಲಿ ಇರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲೂ ಅದೇ ಇದೆ. 2022ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ವಿಷಯವೂ ಇತ್ತು.

ನಮ್ಮ ಹುಣಸೆಯ ಹುಳಿಗೆ ಮುಖ್ಯ ಕಾರಣ ಈ ಆಮ್ಲವೇ. ತಿರುಳಿನ ತೂಕದಲ್ಲಿ ಸುಮಾರು ಶೇಕಡಾ 8ರಿಂದ 18ರವರೆಗೆ ಇದು ಇರುತ್ತದೆ. ದ್ರಾಕ್ಷಿಗಿಂತ ಎಷ್ಟೋ ಜಾಸ್ತಿ. ನಮ್ಮ ದೇಹ ಅದನ್ನು ಹೊರಗೆ ಹಾಕಿಬಿಡುತ್ತದೆ. ನಾಯಿಯ ಕಿಡ್ನಿ ಈ ಕೆಲಸದಲ್ಲಿ ಹಿಂದೆ, ಹಾಗಾಗಿ ಆಮ್ಲ ಅಲ್ಲೇ ಸೇರಿಕೊಂಡು ಜೀವಕೋಶಗಳನ್ನು ಸಾಯಿಸುತ್ತದೆ ಎಂದು ಈಗ ತಿಳಿಯಲಾಗಿದೆ.

ಒಂದು ತುತ್ತು ತಿಳಿಸಾರಿನ ಅನ್ನ ತಿಂದ ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಗಿಲ್ಲ. ಅದರಲ್ಲಿ ಹುಣಸೆ ಬಹಳ ಕಡಿಮೆ. ಆದರೆ ಪುಳಿಯೋಗರೆ, ಗೊಜ್ಜು, ಹುಣಸೆ ತೊಕ್ಕು, ನೆನೆಹಾಕಿದ ಹುಣಸೆ ಉಂಡೆ, ಮಕ್ಕಳು ಚೀಪುವ ಹುಣಸೆ ಕ್ಯಾಂಡಿ ಇವನ್ನು ನಾಯಿಗೆ ಸಿಗದಂತೆ ಇಡಿ. "ಇಷ್ಟು ಕೊಟ್ಟರೆ ಪರವಾಗಿಲ್ಲ" ಎನ್ನುವ ಸುರಕ್ಷಿತ ಅಳತೆಯನ್ನು ಇದುವರೆಗೆ ಯಾರೂ ಗೊತ್ತುಮಾಡಿಲ್ಲ. ಅದಕ್ಕೇ ದಿನಾ ಸಾರನ್ನ ಹಾಕುವ ಅಭ್ಯಾಸ ಬಿಡಿ ಎನ್ನುತ್ತೇನೆ.

ಸಾರಿನಲ್ಲಿ ನನಗೆ ಇನ್ನೂ ದೊಡ್ಡ ಚಿಂತೆ ಈರುಳ್ಳಿ, ಬೆಳ್ಳುಳ್ಳಿಯದು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ಒಪಿಡಿಗೆ ಹೋಗಬೇಕು.

ವಿಜಯಪುರ_ದ್ರಾಕ್ಷಿತೋಟ
ಸರ್, ನಮ್ಮದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡುವ ಶೆಡ್ಡೂ ಇದೆ. ಕಾವಲಿಗೆ ಇರುವ ನಾಯಿಗಳು ಉದುರಿದ ಹಣ್ಣು ತಿನ್ನುವುದನ್ನು ನಾವು ನೋಡಿದ್ದೇವೆ. ಅವು ಗಟ್ಟಿಮುಟ್ಟಾಗಿವೆ. ಹಾಗಾದರೆ ಇದು ಎಲ್ಲ ನಾಯಿಗೂ ಅನ್ವಯಿಸುತ್ತದಾ?

ಪಶುವೈದ್ಯ_ಹಾಸನ
ಒಳ್ಳೆಯ ಪ್ರಶ್ನೆ ಸರ್. ಇಷ್ಟು ವರ್ಷ ವಿಜ್ಞಾನಿಗಳನ್ನು ಗೊಂದಲಕ್ಕೆ ಹಾಕಿದ್ದೂ ಇದೇ. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವು ನಾಯಿಗಳು ಸ್ವಲ್ಪ ತಿಂದರೂ ಉಳಿಯುವುದಿಲ್ಲ. ಹಣ್ಣಿನ ತಳಿ, ಕಾಯಿಯೋ ಮಾಗಿದ್ದೋ ಅನ್ನುವುದರ ಮೇಲೆ ಆಮ್ಲದ ಪ್ರಮಾಣ ಬದಲಾಗುತ್ತದೆ. ತೋಟದ ನಾಯಿಗೆ ಸಿಗುವುದು ಚೆನ್ನಾಗಿ ಮಾಗಿ ಉದುರಿದ ಹಣ್ಣು, ಅದರಲ್ಲಿ ಹುಳಿ ಕಡಿಮೆ. ಒಣದ್ರಾಕ್ಷಿ ಹಾಗಲ್ಲ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂದರೆ ಒಂದು ಹಿಡಿಯಲ್ಲಿ ನಾಲ್ಕು ಹಿಡಿಯ ಆಮ್ಲ.

ನಿಮ್ಮ ನಾಯಿಗಳಿಗೆ ಇದುವರೆಗೆ ಏನೂ ಆಗಿಲ್ಲ, ಸಂತೋಷ. ಶೆಡ್ಡಿನೊಳಗೆ ಮಾತ್ರ ಬಿಡಬೇಡಿ. ತಿಂದ ಮೊದಲ ದಿನ ವಾಂತಿ, ಆಮೇಲೆ ಮಂಕಾಗಿ ಮಲಗುವುದು, ಎರಡು-ಮೂರು ದಿನಕ್ಕೆ ಮೂತ್ರ ಕಡಿಮೆಯಾಗುವುದು ಹೀಗೆ ಬರುತ್ತದೆ. ಮೂತ್ರ ನಿಂತ ಮೇಲೆ ತಂದರೆ ನಮ್ಮ ಕೈಯಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ತಂದರೆ ವಾಂತಿ ಮಾಡಿಸಿ, ಡ್ರಿಪ್ ಹಾಕಿ ಉಳಿಸಿಕೊಳ್ಳಬಹುದು.

ಅನು_ಮೈಸೂರು
ಅಯ್ಯೋ, ಪಾಯಸಕ್ಕೆ, ಸಜ್ಜಿಗೆಗೆ, ದೇವರ ಪ್ರಸಾದಕ್ಕೆ ಎಲ್ಲದಕ್ಕೂ ಒಣದ್ರಾಕ್ಷಿ ಹಾಕುತ್ತೇವೆ. ಇದನ್ನು ಇವತ್ತೇ ಅತ್ತೆಗೆ ಓದಿ ಹೇಳುತ್ತೇನೆ.

ಬೆಕ್ಕಿನಮನೆ_ಬೆಂಗಳೂರು
ಬೆಕ್ಕುಗಳ ಬಗ್ಗೆ ನಾನು ಬರೆಯುತ್ತೇನೆ. ತಾಯಿ ಇಲ್ಲದ ಮರಿಗಳನ್ನು ಸಾಕಿ ಒಳ್ಳೆ ಮನೆಗಳಿಗೆ ಕೊಡುವ ಕೆಲಸ ನನ್ನದು.

ಹಸುವಿನ ಹಾಲು ಬೆಕ್ಕಿನ ಆಹಾರ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಕಣ್ಣು ಬಿಡದ ಮರಿಗೆ ಹಸುವಿನ ಹಾಲು ಹಾಕಿದರೆ ಭೇದಿಯಾಗಿ ಒಂದೆರಡು ದಿನದಲ್ಲೇ ಸೊರಗಿಹೋಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ಕೊಡಿ. ದೊಡ್ಡ ಬೆಕ್ಕುಗಳಲ್ಲೂ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ. ಮೊಸರು ಸ್ವಲ್ಪ ವಾಸಿ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯ ಒಂದು ಪಾಲನ್ನು ತಿಂದಿರುತ್ತದೆ.

ಇನ್ನೂ ಮುಖ್ಯವಾದದ್ದು ಇದೆ. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ವರ್ಷಗಟ್ಟಲೆ ಹಾಲನ್ನ, ಮೊಸರನ್ನ ಹಾಕುತ್ತಾರೆ. ಮನೆಯವರ ಆಚಾರದ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಆದರೆ ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಬೇಕೇಬೇಕು. ಅದು ಮಾಂಸ, ಮೀನಿನಲ್ಲಿ ಇದೆ, ಅನ್ನ-ಬೇಳೆಯಲ್ಲಿ ಇಲ್ಲ. ಬೆಕ್ಕು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳಲಾರದು. ಟಾರಿನ್ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದವು, ಆ ಕಾಯಿಲೆ ಅಪರೂಪವಾಯಿತು. ನಮ್ಮ ಹಾಲನ್ನದ ಬೆಕ್ಕುಗಳಿಗೆ ಮಾತ್ರ ಆ ಅಪಾಯ ಈಗಲೂ ಇದೆ. ಮನೆಯಲ್ಲಿ ಮೀನು-ಮಾಂಸ ಬೇಯಿಸುವುದು ಇಷ್ಟವಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪೊಟ್ಟಣ ತನ್ನಿ. ಬೇರೆ ಪಾತ್ರೆ ಬೇಡ, ಅಡುಗೆಮನೆಗೆ ತರುವುದೂ ಬೇಡ.

ಹಿರಿಯ_ಮಂಡ್ಯ
ಎಲ್ಲವನ್ನೂ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ನಮ್ಮ ಹಟ್ಟಿಯಲ್ಲಿ ಯಾವಾಗಲೂ ನಾಯಿ ಇರುತ್ತಿತ್ತು. ಮುದ್ದೆ, ಉಪ್ಸಾರು, ಮಿಕ್ಕಿದ್ದು ತಂಗಳು ಇದನ್ನೇ ತಿಂದು ಬೆಳೆದವು. ಕಾಯಿಲೆಯಾದರೆ ಸೊಪ್ಪು ಅರೆದು ಕುಡಿಸುತ್ತಿದ್ದೆವು. ಈಗ ಎಲ್ಲದಕ್ಕೂ ವಿಷ ಅನ್ನುತ್ತೀರಿ. ನಮ್ಮ ಹಿರಿಯರಿಗೆ ತಿಳಿವಳಿಕೆ ಇರಲಿಲ್ಲವಾ?

ಪಶುವೈದ್ಯ_ಹಾಸನ
ಖಂಡಿತ ಇತ್ತು ಹಿರಿಯರೇ. ನಾಟಿ ವೈದ್ಯವನ್ನು ನಾನು ತಳ್ಳಿಹಾಕುವುದಿಲ್ಲ. ಹಸುವಿನ ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತಿದೆ. ನಾನೂ ಹೇಳುತ್ತೇನೆ.

ಆದರೆ ಅದು ಹಸುವಿನ ಮದ್ದು. ತೂಕ ನಾನೂರು ಕಿಲೋ, ಹಚ್ಚುವುದು ಕೆಚ್ಚಲಿಗೆ. ಅದೇ ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ ನಾಯಿಯ ಹೊಟ್ಟೆಗೆ ಹೋದರೆ ಭೇದಿ ಹಿಡಿಯುತ್ತದೆ. ಬೆಕ್ಕಿನ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ಹಚ್ಚಿದ್ದೆಲ್ಲ ತಿನ್ನಿಸಿದ ಹಾಗೇ ಆಯಿತು. ನಮ್ಮ ಲಿವರ್ ಸುಲಭವಾಗಿ ಕರಗಿಸುವ ಎಷ್ಟೋ ಪದಾರ್ಥಗಳನ್ನು ಬೆಕ್ಕಿನ ಲಿವರ್ ಕರಗಿಸಲಾರದು. ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವ ಅದರಲ್ಲಿ ಬಹಳ ಕಡಿಮೆ. ನಿಮ್ಮ ಹಟ್ಟಿಯ ನಾಯಿ ರಾತ್ರಿ ಇಲಿ ಹಿಡಿಯುತ್ತಿತ್ತು, ಹೊಲದಲ್ಲಿ ಏನೇನೋ ತಿಂದು ಬರುತ್ತಿತ್ತು. ಮುದ್ದೆಯೊಂದೇ ಅದರ ಊಟ ಆಗಿರಲಿಲ್ಲ. ಇವತ್ತು ಫ್ಲ್ಯಾಟಿನಲ್ಲಿರುವ ನಾಯಿಗೆ ನಾವು ಹಾಕಿದ್ದು ಬಿಟ್ಟರೆ ಬೇರೆ ಏನೂ ಇಲ್ಲ.

ಉಪ್ಪು, ಖಾರ ಇಲ್ಲದ ಮುದ್ದೆಗೆ ನನ್ನ ತಕರಾರಿಲ್ಲ. ಜೊತೆಗೆ ಮೊಟ್ಟೆಯೋ ಕೋಳಿಯೋ ಬೇಯಿಸಿ ಹಾಕಿ ಅಂತ ಮಾತ್ರ ಕೇಳುತ್ತೇನೆ.

ಹಿರಿಯ_ಮಂಡ್ಯ
ಸರಿ. ಇಲಿಯ ವಿಷಯ ನಿಜ. ಮುಂದೆ ಹೇಳಿ ಡಾಕ್ಟ್ರೇ, ಕೇಳುತ್ತೇನೆ.

ತೀರ್ಥಹಳ್ಳಿ_ಅಡಿಕೆಮನೆ
ಹಿರಿಯರ ಮಾತು ಬಂದದ್ದಕ್ಕೆ ನಾನೂ ಕೇಳುತ್ತೇನೆ. ನಮ್ಮ ಕಡೆ ನಾಯಿಗೆ ಜಂತುಹುಳ ಆದರೆ ಅಡಿಕೆ ಪುಡಿಯನ್ನು ಬೆಲ್ಲದಲ್ಲಿ ಕಲಸಿ ನುಂಗಿಸುವ ಪದ್ಧತಿ ಇತ್ತು. ಕೊಟ್ಟ ಸ್ವಲ್ಪ ಹೊತ್ತಿಗೆ ಭೇದಿಯಾಗಿ ಲಾಡಿಹುಳ ಬೀಳುವುದನ್ನು ಅಜ್ಜ ತೋರಿಸುತ್ತಿದ್ದರು. ಇದಕ್ಕೆ ಅರ್ಥ ಇದೆಯಾ?

ಪಶುವೈದ್ಯ_ಹಾಸನ
ಇದೆ, ಪೂರ್ತಿ ಇದೆ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಪದಾರ್ಥ ಇದೆ. ಅದು ಲಾಡಿಹುಳದ ಹಿಡಿತ ಬಿಡಿಸುತ್ತದೆ, ಜೊತೆಗೆ ನಾಯಿಯ ಕರುಳನ್ನು ಜೋರಾಗಿ ಹಿಂಡಿ ಹುಳವನ್ನು ಹೊರಗೆ ತಳ್ಳುತ್ತದೆ. ಇದೇ ಅರೆಕೊಲಿನ್ ಲವಣವನ್ನು ನ್ಯೂಜಿಲೆಂಡಿನಂಥ ದೇಶಗಳಲ್ಲಿ ಕುರಿ ಕಾಯುವ ನಾಯಿಗಳಿಗೆ ವ್ಯಾಪಕವಾಗಿ ಕೊಡುತ್ತಿದ್ದರು. ಮನುಷ್ಯರಿಗೂ ಹರಡುವ ಒಂದು ಲಾಡಿಹುಳದ ಕಾಟವನ್ನು ತಡೆಯಲು ಅಲ್ಲಿ ಸರ್ಕಾರದ ಕಾರ್ಯಕ್ರಮವೇ ನಡೆದಿತ್ತು. ನಿಮ್ಮ ಅಜ್ಜ ಮಾಡಿದ್ದು ಅದೇ ವೈದ್ಯ.

ಈಗ ಅದನ್ನು ಯಾಕೆ ಬಿಟ್ಟಿದ್ದೇವೆ ಅಂದರೆ, ಹುಳ ಬೀಳಿಸುವ ಪ್ರಮಾಣಕ್ಕೂ ನಾಯಿಯನ್ನೇ ಬೀಳಿಸುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ಒಂದು ಅಡಿಕೆಯಲ್ಲಿ ಎಷ್ಟು ಅರೆಕೊಲಿನ್ ಇದೆ ಎಂದು ನೋಡಿ ಹೇಳಲು ಆಗುವುದಿಲ್ಲ. ಜಾಸ್ತಿಯಾದರೆ ಜೊಲ್ಲು ಸುರಿಯುತ್ತದೆ, ಉಸಿರು ಕಟ್ಟುತ್ತದೆ, ಹೃದಯದ ಬಡಿತ ಇಳಿಯುತ್ತದೆ. ಮರಿಗಳಿಗೆ, ಗಬ್ಬದ ನಾಯಿಗೆ ಕೊಟ್ಟರೆ ಜೀವಕ್ಕೇ ಕುತ್ತು. ಮೇಲಾಗಿ ಅದು ಲಾಡಿಹುಳಕ್ಕೆ ಮಾತ್ರ. ಮರಿಗಳ ರಕ್ತ ಹೀರುವ ಕೊಕ್ಕೆಹುಳ, ಹೊಟ್ಟೆ ಉಬ್ಬಿಸುವ ದುಂಡುಹುಳಕ್ಕೆ ಅದರಿಂದ ಪ್ರಯೋಜನ ಇಲ್ಲ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂತು. ಸುರಕ್ಷಿತ, ಒಂದೇ ಗುಳಿಗೆ ಸಾಕು. ಈಗ ಅದನ್ನು ಬೇರೆ ಹುಳಗಳ ಔಷಧಿಯ ಜೊತೆ ಸೇರಿಸಿದ ಮಾತ್ರೆಗಳೇ ಸಿಗುತ್ತವೆ, ಬೆಲೆಯೂ ಕಡಿಮೆ. ಮರಿಗಳಿಗೆ ಎರಡು ವಾರ ತುಂಬಿದಾಗಿನಿಂದ ಪ್ರತಿ ಎರಡು ವಾರಕ್ಕೊಮ್ಮೆ ಹುಳದ ಔಷಧಿ ಬೇಕು, ಮೂರು ತಿಂಗಳಾಗುವವರೆಗೆ.

ಅಡಿಕೆ ಒಣಹಾಕಿದ ಅಂಗಳದಲ್ಲಿ ಮರಿಗಳು ಅಗಿಯುತ್ತಾ ಕೂರದಂತೆಯೂ ನೋಡಿಕೊಳ್ಳಿ.

ತೀರ್ಥಹಳ್ಳಿ_ಅಡಿಕೆಮನೆ
ತುಂಬಾ ಸಂತೋಷವಾಯಿತು ಡಾಕ್ಟ್ರೇ. ಇನ್ನೊಂದು ಇದೆ. ಉಣುಗು (ಉಣ್ಣೆ ಹುಳ) ಹತ್ತಿದರೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚುತ್ತಾರೆ. ಬೇವಿನೆಣ್ಣೆಯನ್ನೂ ಹಚ್ಚುತ್ತಾರೆ.

ಬೀದಿನಾಯಿ_ಗೆಳೆಯ_ಹುಬ್ಬಳ್ಳಿ
ಇದಕ್ಕೆ ನಾನು ಹೇಳುತ್ತೇನೆ. ಹೊಗೆಸೊಪ್ಪಿನ ನೀರು ಬೇಡವೇ ಬೇಡ ರೀ. ಅದರ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ನಾಯಿ ನೆಕ್ಕಿದರೆ ಇನ್ನೂ ಬೇಗ. ನಡುಕ, ವಾಂತಿ, ಫಿಟ್ಸ್ ಬರುತ್ತವೆ. ನಮ್ಮ ಬಡಾವಣೆಯಲ್ಲಿ ಒಬ್ಬರು ಮರಿಗಳಿಗೆ ಹಚ್ಚಿ, ಸಂಜೆಯೊಳಗೆ ಅವು ಅಡ್ಡಬಿದ್ದದ್ದನ್ನು ನೋಡಿದ್ದೇನೆ.

ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ತೆಳು ಮಾಡಿ ದೊಡ್ಡ ನಾಯಿಗೆ ಸ್ವಲ್ಪ ಹಚ್ಚಿದರೆ ಹುಳಗಳು ದೂರ ಇರುತ್ತವೆ, ಅಷ್ಟೇ. ಹತ್ತಿದ ಉಣ್ಣೆ ಸಾಯುವುದಿಲ್ಲ. ಬೆಕ್ಕಿಗೆ ಅದೂ ಬೇಡ.

ಎಣ್ಣೆ ಹಚ್ಚಿದರೂ ಮತ್ತೆ ಮತ್ತೆ ಬರುತ್ತವೆ ಎಂದು ಜನ ಬೇಸರಪಡುತ್ತಾರೆ. ಕಾರಣ ಇದೆ. ಊರ ನಾಯಿಗಳಿಗೆ ಹತ್ತುವ ಕಂದು ಉಣ್ಣೆ ತನ್ನ ಆಯುಷ್ಯದ ಬಹುಭಾಗ ಕಳೆಯುವುದು ನಾಯಿಯ ಮೈಮೇಲೆ ಅಲ್ಲ. ಗೋಡೆಯ ಬಿರುಕು, ಮಂಚದ ಸಂದಿ, ಚಪ್ಪಡಿ ಕಲ್ಲಿನ ನಡುವೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಸಂದಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಸಂದಿಗಳಿಗೆ ಸಿಮೆಂಟ್ ಹಾಕಿ ಮುಚ್ಚಿ, ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ನಾಯಿಗೆ ವೈದ್ಯರು ಬರೆದುಕೊಡುವ ಮಾತ್ರೆ ಕೊಡಿ. ಈಗ ತಿಂಗಳಿಗೊಂದು ಕೊಡುವಂಥದೂ, ಮೂರು ತಿಂಗಳವರೆಗೆ ಕೆಲಸ ಮಾಡುವಂಥದೂ ಇವೆ. ಫಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿ.

ಉಣ್ಣೆಯಿಂದ ಹರಡುವ ಟಿಕ್ ಫೀವರ್ ಬಗ್ಗೆಯೂ ಹೇಳಿಬಿಡುತ್ತೇನೆ. ಜ್ವರ, ಊಟ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ. ಇಂಥ ನಾಯಿಗೆ ಪಪ್ಪಾಯಿ ಎಲೆ ರಸ ಕುಡಿಸುತ್ತಾ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಪ್ಲೇಟ್‌ಲೆಟ್ ಏರುತ್ತದೆ ಎಂದು. ಆದರೆ ರೋಗಾಣು ರಕ್ತದಲ್ಲೇ ಉಳಿದಿರುತ್ತದೆ. ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಸಿಸೈಕ್ಲಿನ್ ಬೇಕೋ ಬೇರೆ ಚುಚ್ಚುಮದ್ದು ಬೇಕೋ ಎಂದು ವೈದ್ಯರು ಹೇಳಲಿ. ಆಮೇಲೆ ಬೇಕಿದ್ದರೆ ಎಲೆಯ ರಸದ ಬಗ್ಗೆ ಅವರನ್ನೇ ಕೇಳಿ.

ಬೆಕ್ಕಿನಮನೆ_ಬೆಂಗಳೂರು
ಉಣ್ಣೆಯ ಮಾತಿನ ಜೊತೆಗೆ ಒಂದು ಎಚ್ಚರಿಕೆ. ನಾಯಿಯ ಬೆನ್ನಿಗೆ ಹಾಕುವ ಹನಿ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದು ಬೆಕ್ಕಿಗೆ ಮಾರಕ. "ಬೆಕ್ಕು ಸಣ್ಣದು, ಅರ್ಧ ಹನಿ ಹಾಕೋಣ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾಯಿಗೆ ಹಾಕಿದ ದಿನ ಬೆಕ್ಕು ಅದರ ಪಕ್ಕ ಒರಗಿ ಮಲಗದಂತೆಯೂ ನೋಡಿಕೊಳ್ಳಿ.

ಪಶುವೈದ್ಯ_ಹಾಸನ
ಈಗ ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿ-ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾದರೂ, ಬೆಂದರೂ, ಪುಡಿಯಾದರೂ ವಿಷ ಹೋಗುವುದಿಲ್ಲ. ಬೆಕ್ಕಿಗೆ ಹಾನಿಯಾಗಲು ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು. ಅಂದರೆ ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ, ಎರಡು-ಮೂರು ಸಾಂಬಾರ್ ಈರುಳ್ಳಿ. ನಾಯಿಗೆ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಒಮ್ಮೆಗೇ ಅಷ್ಟು ತಿನ್ನದಿದ್ದರೂ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಕೂಡುತ್ತಾ ಹೋಗುತ್ತದೆ.

ಮೋಸ ಹೋಗುವುದು ಇಲ್ಲೇ. ತಿಂದ ದಿನ ನಾಯಿ ಆರಾಮಾಗಿ ಬಾಲ ಆಡಿಸುತ್ತಿರುತ್ತದೆ. ಮೂರು-ನಾಲ್ಕು ದಿನದ ನಂತರ ಸುಸ್ತು, ಬಿಳಿಚಿದ ವಸಡು, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ. ಅಷ್ಟು ಹೊತ್ತಿಗೆ ಈರುಳ್ಳಿ ಪಲ್ಯದ ವಿಷಯ ಯಾರಿಗೂ ನೆನಪಿರುವುದಿಲ್ಲ. "ಬೆಳ್ಳುಳ್ಳಿ ಕೊಟ್ಟರೆ ಹುಳ ಸಾಯುತ್ತದೆ, ಉಣ್ಣೆ ಹತ್ತುವುದಿಲ್ಲ" ಎಂದು ದಿನಾ ಎರಡು ಎಸಳು ಕೊಡುವವರು ಇದ್ದಾರೆ. ದಯವಿಟ್ಟು ನಿಲ್ಲಿಸಿ.

ನ್ಯೂಜೆರ್ಸಿ_ಕನ್ನಡಿಗ
ಇಲ್ಲಿಂದ ಒಂದು ಮಾತು. ನಮ್ಮಲ್ಲಿ ನಾಯಿಗೆ ಮಾತ್ರೆ ನುಂಗಿಸಲು ಕಡಲೆಕಾಯಿ ಬೆಣ್ಣೆ ಬಳಸುತ್ತೇವೆ. ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಎಂದಿದ್ದರೆ ಕೊಡಬೇಡಿ. ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಮತ್ತು ಕೆಲವು ಸಿಹಿ ಪದಾರ್ಥಗಳಲ್ಲೂ ಇರುತ್ತದೆ. ನಾಯಿಗೆ ಒಂದು ಗಂಟೆಯೊಳಗೆ ಸಕ್ಕರೆ ಪಾತಾಳಕ್ಕೆ ಇಳಿದು ಫಿಟ್ಸ್ ಬರಬಹುದು, ಜಾಸ್ತಿ ತಿಂದಿದ್ದರೆ ಲಿವರ್ ಹೋಗುತ್ತದೆ. ಈಗ ಬೆಂಗಳೂರಿನ ಅಂಗಡಿಗಳಲ್ಲೂ ಇಂಥ ಡಬ್ಬಿಗಳು ಸಿಗುತ್ತವೆ. ಊರಿಗೆ ಬಂದಾಗ ನೋಡಿದೆ.

ಟೆರೇಸ್_ತೋಟ_ಜಯನಗರ
ಅಡುಗೆಮನೆ ಆಯಿತು, ಕೈತೋಟ? ನಾನು ಗಿಡಗಳಿಗೆ ಹರಳಿನ ಹಿಂಡಿ, ಮೂಳೆ ಪುಡಿ ಹಾಕುತ್ತೇನೆ. ರಾಸಾಯನಿಕ ಗೊಬ್ಬರ ಮುಟ್ಟುವುದಿಲ್ಲ. ನಾಯಿ ಕುಂಡ ಕೆದಕಿ ತಿನ್ನಲು ನೋಡುತ್ತದೆ. ಸಾವಯವ ತಾನೇ, ತೊಂದರೆ ಇಲ್ಲ ಅಲ್ವಾ?

ಪಶುವೈದ್ಯ_ಹಾಸನ
ಇದೆ ಮೇಡಂ, ದೊಡ್ಡ ತೊಂದರೆಯೇ ಇದೆ. ಹರಳು ಬೀಜದಲ್ಲಿ ರಿಸಿನ್ ಎಂಬ ಘೋರ ವಿಷ ಇದೆ. ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲೇ ಉಳಿಯುತ್ತದೆ. ಹರಳೆಣ್ಣೆಯಲ್ಲಿ ಅದು ಇರುವುದಿಲ್ಲ. ಚೆನ್ನಾಗಿ ಬಿಸಿ ಮಾಡಿದ್ದರೆ ವಿಷ ಇಳಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಮೂಟೆ ಹೇಗೆ ತಯಾರಾಗಿದೆ ಎಂದು ನಮಗೆ ತಿಳಿಯುವುದಿಲ್ಲ. ಮೂಳೆ ಪುಡಿ ಸೇರಿಸಿದರೆ ಅದರ ವಾಸನೆಗೆ ನಾಯಿ ಕುಂಡದ ತಳದವರೆಗೂ ಕೆದಕುತ್ತದೆ. ತಿಂದು ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಕಳೆದ ಮೇಲೆ ವಾಂತಿ, ರಕ್ತ ಭೇದಿ ಶುರುವಾಗುತ್ತದೆ. ಈ ವಿಷಕ್ಕೆ ಮಾರುಮದ್ದು ಇಲ್ಲ. ನಾಯಿ ಇರುವ ಮನೆಯಲ್ಲಿ ಎರೆಗೊಬ್ಬರ ಬಳಸಿ. ಬಸವನಹುಳಕ್ಕೆ ಹಾಕುವ ಗುಳಿಗೆಗಳನ್ನೂ ತರಬೇಡಿ.

ಗಿಡಗಳ ಮಾತು ಬಂದದ್ದರಿಂದ, ಕಣಗಿಲೆ, ಉಮ್ಮತ್ತಿ, ಸೈಕಸ್ ಮೂರೂ ವಿಷ. ಬೆಕ್ಕು ಇರುವ ಮನೆಗೆ ಲಿಲ್ಲಿ ಹೂಗುಚ್ಛ ತರಲೇಬೇಡಿ. ಅದರ ಪರಾಗ ಮೈಗಂಟಿ, ಬೆಕ್ಕು ಅದನ್ನು ನೆಕ್ಕಿದರೂ ಕಿಡ್ನಿ ಹೋಗುತ್ತದೆ.

ಟೆರೇಸ್_ತೋಟ_ಜಯನಗರ
ಇವತ್ತೇ ಮೂಟೆ ಸಾಗಿಸುತ್ತೇನೆ. ಧನ್ಯವಾದಗಳು.

ಅನು_ಮೈಸೂರು
ಗಾಯಕ್ಕೆ ಅರಿಶಿನದ ವಿಷಯ ಉಳಿಯಿತು. ಅತ್ತೆ ಕೇಳುತ್ತಿದ್ದಾರೆ.

ಬೀದಿನಾಯಿ_ಗೆಳೆಯ_ಹುಬ್ಬಳ್ಳಿ
ಸಣ್ಣ ತರಚು ಗಾಯಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಒಂಚೂರು ಅರಿಶಿನ ಹಚ್ಚಿದರೆ ತೊಂದರೆ ಇಲ್ಲ ಅಂತ ಅತ್ತೆಯವರಿಗೆ ಹೇಳಿ. ಆಳವಾದ ಗಾಯಕ್ಕೆ ಅರಿಶಿನ ತುಂಬಬೇಡಿ. ಮೇಲೆ ಹೆಕ್ಕಳೆ ಕಟ್ಟಿ ಒಳಗೆ ಕೀವು ಆಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಇದಕ್ಕಿಂತ ಒಳ್ಳೆಯ ಮನೆಮದ್ದು ನನಗೆ ಗೊತ್ತಿಲ್ಲ.

ನಮ್ಮ ಬಳಗಕ್ಕೆ ಮಳೆಗಾಲದಲ್ಲಿ ಜಾಸ್ತಿ ಬರುವ ಕರೆ ಹುಳ ಬಿದ್ದ ಗಾಯದ್ದು. ಪಾಪ, ಜನ ಕರುಣೆಯಿಂದಲೇ ಸೀಮೆಎಣ್ಣೆ, ಫಿನೈಲ್, ಪೆಟ್ರೋಲ್ ಸುರಿಯುತ್ತಾರೆ. ಹುಳಗಳು ಹೊರಗೆ ಬರುವುದು ಕಂಡು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಹಸಿ ಮಾಂಸ ಸುಟ್ಟುಹೋಗುತ್ತದೆ, ಎಷ್ಟೋ ಹುಳಗಳು ಇನ್ನೂ ಒಳಗೆ ಕೊರೆದುಕೊಂಡು ಹೋಗುತ್ತವೆ. ನಾಯಿ ನೆಕ್ಕಿ ಹೊಟ್ಟೆಗೂ ವಿಷ ಸೇರುತ್ತದೆ. ಕರ್ಪೂರದ ಎಣ್ಣೆಯೂ ಹಾಗೇ, ನೆಕ್ಕಿದರೆ ಫಿಟ್ಸ್ ಬರುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಕೆಡಿಸುತ್ತದೆ, ನಾಯಿಯದೂ ನಿಮ್ಮದೂ. ನೊಣ ಕೂತು ಒಂದು ದಿನದೊಳಗೆ ಮರಿಹುಳಗಳಾಗುತ್ತವೆ. ಅದಕ್ಕೇ ಗಾಯ ಸಣ್ಣದಿದ್ದಾಗಲೇ ತೊಳೆದು ಗಾಯದ ಸ್ಪ್ರೇ ಹೊಡೆಯಿರಿ. ಹುಳ ಬಿದ್ದಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಇಕ್ಕಳದಿಂದ ಒಂದೊಂದಾಗಿ ತೆಗೆಯಬೇಕು, ನೋವಿಗೂ ಔಷಧಿ ಬೇಕು.

ಬೆಕ್ಕಿನಮನೆ_ಬೆಂಗಳೂರು
ನೋವು ಅಂದದ್ದಕ್ಕೆ ಹೇಳಲೇಬೇಕು. ಬೆಕ್ಕಿಗೆ ಜ್ವರ ಎಂದು ಪ್ಯಾರಸಿಟಮಾಲ್ ಕೊಡಬೇಡಿ. ಡಾಕ್ಟರ್ ಹೇಳಿದ ಆ ಕಿಣ್ವದ ಕೊರತೆ ಇಲ್ಲಿ ಜೀವ ತೆಗೆಯುತ್ತದೆ. 500 ಮಿಲಿಗ್ರಾಂ ಮಾತ್ರೆಯ ಕಾಲು ತುಂಡು ಕೂಡ ಒಂದು ಬೆಕ್ಕಿಗೆ ಅಪಾಯ. ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಮಾರುಮದ್ದು ಇದೆ, ಗಂಟೆಗಳ ಒಳಗೆ ಹೋಗಬೇಕು.

ಇನ್ನೊಂದು, ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ. ಗಂಡು ಬೆಕ್ಕು ಮಣ್ಣಿನ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಾ ಕೂರುತ್ತದೆ, ಏನೂ ಬರುವುದಿಲ್ಲ. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಹಾಕುತ್ತಾರೆ, ಜೀರಿಗೆ ನೀರು, ಎಳನೀರು, ಬಾರ್ಲಿ ನೀರು ಕುಡಿಸುತ್ತಾರೆ. ಬಹಳ ಸಲ ಅದು ಮೂತ್ರದ ದಾರಿ ಕಟ್ಟಿರುವುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು-ಮೂರು ದಿನದಲ್ಲಿ ಹೃದಯ ನಿಲ್ಲುತ್ತದೆ. ಎಳನೀರಿನಲ್ಲಿ ಇರುವುದೂ ಪೊಟ್ಯಾಸಿಯಂ! ವೈದ್ಯರು ಸಣ್ಣ ಕೊಳವೆ ಹಾಕಿ ಬಿಡಿಸಿದರೆ ಅದೇ ಬೆಕ್ಕು ಕೆಲವು ದಿನದಲ್ಲಿ ಚೇತರಿಸಿಕೊಂಡು ಮೀನಿಗೆ ಕೂಗುತ್ತದೆ. ನಾನು ಕಂಡ ಬೆಕ್ಕುಗಳಲ್ಲಿ ಉಳಿಯದವು ಹೆಚ್ಚಾಗಿ "ನಾಳೆ ಬೆಳಿಗ್ಗೆವರೆಗೆ ನೋಡೋಣ" ಅಂದ ಮನೆಯವು.

ಹಿರಿಯ_ಮಂಡ್ಯ
ಮರಿಗಳಿಗೆ ರಕ್ತ ಭೇದಿಯಾದರೆ? ನಾವು ಮಜ್ಜಿಗೆ, ದಾಳಿಂಬೆ ಸಿಪ್ಪೆ ಅರೆದು ಕೊಡುತ್ತಿದ್ದೆವು.

ಪಶುವೈದ್ಯ_ಹಾಸನ
ಹಿರಿಯರೇ, ಲಸಿಕೆ ಆಗದ ಮರಿಗೆ ವಾಂತಿ ಜೊತೆ ನಾರುವ ರಕ್ತ ಭೇದಿ ಅಂದರೆ ಮೊದಲು ಪಾರ್ವೋ ಎಂದೇ ತಿಳಿಯಬೇಕು. ಅದು ಕರುಳಿನ ಒಳಪದರವನ್ನೇ ಕಿತ್ತುಹಾಕುವ ವೈರಸ್. ಬಾಯಿಗೆ ಹಾಕಿದ್ದು ಒಳಗೆ ನಿಲ್ಲುವುದಿಲ್ಲ. ಡ್ರಿಪ್‌ನಲ್ಲಿ ನೀರು ಕೊಟ್ಟರೆ ಬಹಳಷ್ಟು ಮರಿಗಳು ಉಳಿಯುತ್ತವೆ, ಕೊಡದಿದ್ದರೆ ಬಹಳಷ್ಟು ಸಾಯುತ್ತವೆ. ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುಮಾಡಿ, ಹದಿನಾರು ವಾರ ತುಂಬುವವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಹಾಕಿಸಿ. ವೈರಸ್ ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ಫಿನೈಲಿಗೆ ಸುಲಭವಾಗಿ ಸಾಯುವುದಿಲ್ಲ. ನೆಲಕ್ಕೆ ಬ್ಲೀಚ್ ನೀರು ಹಾಕಿ.

ದೊಡ್ಡ ನಾಯಿಗೆ ಏನೋ ತಿಂದು ಒಂದೆರಡು ಸಲ ಭೇದಿಯಾಗಿದೆ, ಆಟ-ಓಡಾಟ ಚೆನ್ನಾಗಿದೆ ಅಂದರೆ ಮನೆಮದ್ದು ಧಾರಾಳವಾಗಿ ಮಾಡಿ. ಮೆತ್ತಗೆ ಬೇಯಿಸಿದ ಅನ್ನ, ಮೂಳೆ ಇಲ್ಲದ ಬೇಯಿಸಿದ ಕೋಳಿ, ಎರಡು ಚಮಚ ಬೇಯಿಸಿದ ಸಿಹಿಕುಂಬಳ. ಸಸ್ಯಾಹಾರಿ ಮನೆಯಾದರೆ ಉಪ್ಪಿಲ್ಲದ ಮೊಸರನ್ನ. ಒಗ್ಗರಣೆ, ಶುಂಠಿ, ಮೆಣಸಿನಕಾಯಿ ಬೇಡ. ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ.

ಅನು_ಮೈಸೂರು
ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಮೊಸರನ್ನ ಉಳಿಯಿತಲ್ಲ ಎಂದು ಅವರಿಗೆ ಸಮಾಧಾನ. ಕೊನೆಯದಾಗಿ ಅವರದೇ ಪ್ರಶ್ನೆ. ತಿನ್ನಬಾರದ್ದು ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ? ಅವರ ಊರಿನಲ್ಲಿ ಹಾಗೇ ಮಾಡುತ್ತಾರಂತೆ.

ಪಶುವೈದ್ಯ_ಹಾಸನ
ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಉಪ್ಪುನೀರು ಬೇಡ. ವಾಂತಿ ಆಗದೆ ಉಪ್ಪು ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಪೆಟ್ಟಾಗುತ್ತದೆ, ಫಿಟ್ಸ್ ಬರುತ್ತದೆ. ತಿಂದ ವಿಷಕ್ಕಿಂತ ಉಪ್ಪಿನಿಂದಲೇ ಸಾಯುವ ಸಂದರ್ಭ ಉಂಟು. ಹೈಡ್ರೋಜನ್ ಪೆರಾಕ್ಸೈಡ್ ಕೊಡಿ ಎಂದು ಇಂಟರ್ನೆಟ್ಟಿನಲ್ಲಿ ಬರೆದಿರುತ್ತಾರೆ. ಅದು ಶೇಕಡಾ 3ರ ದ್ರಾವಣದ ಮಾತು, ನಾಯಿಗೆ ಮಾತ್ರ, ಅದೂ ವೈದ್ಯರು ಫೋನಿನಲ್ಲಿ ಅಳತೆ ಹೇಳಿದರೆ. ನಮ್ಮ ಮೆಡಿಕಲ್ ಅಂಗಡಿಯ ಬಾಟಲಿ ಸಾಮಾನ್ಯವಾಗಿ ಶೇಕಡಾ 6ರದು, ಗಂಟಲು ಸುಡುತ್ತದೆ. ಸೀಮೆಎಣ್ಣೆ, ಆಸಿಡ್ ಕುಡಿದಿದ್ದರೆ ವಾಂತಿ ಮಾಡಿಸಲೇಬಾರದು. ಒಲೆಯ ಇದ್ದಿಲು ಅರೆದು ಕುಡಿಸುವುದರಿಂದಲೂ ಉಪಯೋಗ ಇಲ್ಲ.

ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ. ಪೊಟ್ಟಣದ ಫೋಟೋ ತೆಗೆದುಕೊಳ್ಳಿ. ಏನು, ಎಷ್ಟು, ಯಾವಾಗ ತಿಂದಿತು, ಪ್ರಾಣಿಯ ತೂಕ ಎಷ್ಟು, ಇಷ್ಟನ್ನು ವೈದ್ಯರಿಗೆ ಫೋನ್ ಮಾಡಿ ಹೇಳುತ್ತಲೇ ಹೊರಡಿ. ವಾಂತಿ ಮಾಡಿದ್ದರೆ ಅದನ್ನೂ ಒಂದು ಕವರಿನಲ್ಲಿ ತನ್ನಿ.

ತೀರ್ಥಹಳ್ಳಿ_ಅಡಿಕೆಮನೆ
ನಮ್ಮಂಥ ಹಳ್ಳಿಯವರು ರಾತ್ರಿ ಹೊತ್ತು ಎಲ್ಲಿಗೆ ಹೊರಡುವುದು ಡಾಕ್ಟ್ರೇ?

ಪಶುವೈದ್ಯ_ಹಾಸನ
ಸರ್ಕಾರದ 1962 ಸಹಾಯವಾಣಿಗೆ ಫೋನ್ ಮಾಡಿ ನೋಡಿ. ಸಂಚಾರಿ ಪಶು ಚಿಕಿತ್ಸಾ ವಾಹನ ಹೆಚ್ಚಾಗಿ ದನಕರುಗಳಿಗೆ ಓಡಾಡುತ್ತದೆ, ಆದರೂ ಹತ್ತಿರದ ವೈದ್ಯರ ಮಾಹಿತಿ ಕೇಳಬಹುದು. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಹಾಸನ, ಬೀದರ್, ಬೆಂಗಳೂರಿನ ಹೆಬ್ಬಾಳದಲ್ಲೂ ಕಾಲೇಜುಗಳಿವೆ. ರಾತ್ರಿ ಯಾರು ಇರುತ್ತಾರೆ, ಎಷ್ಟು ಹೊತ್ತಿನವರೆಗೆ ನೋಡುತ್ತಾರೆ ಎಂದು ಈಗಲೇ, ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿ, ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಬೀದಿನಾಯಿ_ಗೆಳೆಯ_ಹುಬ್ಬಳ್ಳಿ
ಹುಬ್ಬಳ್ಳಿ-ಧಾರವಾಡದಲ್ಲಿ ರಾತ್ರಿ ಸಿಗುವ ವೈದ್ಯರ ಪಟ್ಟಿಯನ್ನು ನಮ್ಮ ಬಳಗ ಮಾಡುತ್ತಿದೆ. ಬೇರೆ ಊರಿನವರೂ ನಿಮ್ಮ ನಿಮ್ಮ ಕಡೆಯದನ್ನು ವಿಚಾರಿಸಿ ಇಲ್ಲಿ ಸೇರಿಸಿ. ಕ್ಲಿನಿಕ್ಕಿನವರನ್ನು ಕೇಳಿಯೇ ನಂಬರ್ ಹಾಕಿ.